ಬೀಜದ ಮೂಟೆ ಬಿಚ್ಚುವ ಮೊದಲು

ಯಡಿಯೂರು ಸಿದ್ಧಲಿಂಗೇಶ್ವರನ ದಾಸೋಹದಲ್ಲಿ ಅಂದು ಆಲೂಗೆಡ್ಡೆ ಸಾಗು ಬಡಿಸಿದ್ದರು. ಪಂಕ್ತಿಯ ತುದಿಯಲ್ಲಿ ಕೂತಿದ್ದ ಹೆಂಗಸೊಬ್ಬರು ಹೋಳನ್ನು ಬೆರಳಲ್ಲಿ ಸೀಳಿ, ಒಳಮೈ ನೋಡಿ, ಆಮೇಲೆ ಬಾಯಿಗಿಟ್ಟುಕೊಂಡರು. ಎರಡನೇ ಹೋಳಿಗೂ ಅದೇ ಪರೀಕ್ಷೆ. ಪಕ್ಕದಲ್ಲಿದ್ದ ಹುಡುಗನಿಗೆ ತಡೆಯಲಾಗಲಿಲ್ಲ.

"ಹುಳ ಇದೆಯೇನಮ್ಮಾ?"

"ಹುಳ ಆದ್ರೆ ಮೇಲೇ ಗೊತ್ತಾಗುತ್ತೆ ಕಣಪ್ಪ. ನಾನು ನೋಡ್ತಿರೋದು ಉಂಗುರ. ಗೆಡ್ಡೆ ಕೊಯ್ದಾಗ ಸಿಪ್ಪೆಯಿಂದ ಒಂಚೂರು ಒಳಗೆ ಕಂದು ಬಳೆ ಥರ ಕಂಡ್ರೆ ಆ ಹೊಲಕ್ಕೆ ಸೊರಗು ರೋಗ ಹೊಕ್ಕಿದೆ ಅಂತ. ಚಟ ಇದು, ಪ್ರಸಾದದಲ್ಲೂ ಬಿಡಲ್ಲ."

ಆಕೆ ಚನ್ನರಾಯಪಟ್ಟಣದ ಕಡೆಯವರು, ನಲವತ್ತು ವರ್ಷ ಆಲೂಗೆಡ್ಡೆ ಬೆಳೆದವರು. ಹುಡುಗ ಇಲ್ಲಿಯವನೇ, ಮಾರ್ಕೋನಹಳ್ಳಿ ಅಣೆಕಟ್ಟಿನ ದಿಕ್ಕಿನ ಒಂದು ಊರಿನವನು. ಬೆಂಗಳೂರಿನ ಕೆಲಸ ಬಿಟ್ಟು ಬಂದು ತೆಂಗು, ರಾಗಿಯ ನಡುವೆ ಅರ್ಧ ಎಕರೆ ಬಿಡಿಸಿಕೊಂಡಿದ್ದಾನೆ. ಕೈ ತೊಳೆದು ಹೆದ್ದಾರಿ ಬದಿಯ ಎಳನೀರಿನ ಗಾಡಿಯ ನೆರಳಿಗೆ ಬರುವ ಹೊತ್ತಿಗೆ ಅವನ ಯೋಜನೆಯೆಲ್ಲ ಹೊರಬಿದ್ದಿತ್ತು: ವಿಷ ಮುಟ್ಟದ ಆಲೂಗೆಡ್ಡೆ ಬೆಳೆದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರ ಮಾರುವುದು. ಜೀವಾಮೃತ ಇದೆ, ಬೇವಿನೆಣ್ಣೆ ಇದೆ, ಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯ ಮಾಡುವುದನ್ನು ಮೊಬೈಲಿನಲ್ಲಿ ನೋಡಿಕೊಂಡಿದ್ದಾನೆ. ನೆರಳಲ್ಲಿ ಮೊದಲೇ ಕೂತಿದ್ದ ಮೂರನೆಯವರೊಬ್ಬರು ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಕಷಾಯದ ಮಾತು ಕಿವಿಗೆ ಬಿದ್ದದ್ದೇ ಎಳನೀರಿನ ಬುರುಡೆ ಕೆಳಗಿಟ್ಟು ತಿರುಗಿದರು.

"ಕಷಾಯ ಆಮೇಲೆ. ಬೀಜ ಯಾವುದು?"

"ಬೀಜ ಅಂಗಡೀಲಿ..."

"ಅಲ್ಲೇ ನೋಡು," ಎಂದರು ಹೆಂಗಸು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹುಡುಗನಿಗೆ ನಗುವಂಥದ್ದೇನೂ ಕಾಣಲಿಲ್ಲ.

ಹಾಸನದ ಆಲೂಗೆಡ್ಡೆಯ ಕತೆ ಶುರುವಾಗುವುದು ಪಂಜಾಬಿನ ಜಲಂಧರದಲ್ಲಿ. ಅಲ್ಲಿ ಚಳಿಗಾಲದಲ್ಲಿ ಬೆಳೆದ ಬೀಜದ ಗೆಡ್ಡೆ ಶೀತಲಗೃಹ ಸೇರುತ್ತದೆ, ಬೇಸಗೆಯಲ್ಲಿ ಲಾರಿ ಹತ್ತುತ್ತದೆ, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಅಂಗಳದಲ್ಲಿ ಮೂಟೆಮೂಟೆಯಾಗಿ ಇಳಿಯುತ್ತದೆ. ಉತ್ತರದ ಬಯಲಲ್ಲಿ ಬೀಜ ಬೆಳೆಯುವುದಕ್ಕೆ ಒಂದು ಕಾರಣವಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ಗಿಡಹೇನು ತೀರಾ ಕಡಿಮೆ, ಮತ್ತು ಆಲೂಗೆಡ್ಡೆಯ ನಂಜುರೋಗಗಳನ್ನು ಗಿಡದಿಂದ ಗಿಡಕ್ಕೆ ಹೊರುವುದು ಆ ಹೇನೇ. ನಮ್ಮ ಕಡೆ ಹೇನಿಗೆ ವರ್ಷವಿಡೀ ಹಬ್ಬ. ಆದ್ದರಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ಮೂಟೆಯ ಮೇಲೆ ಇಡೀ ಜಿಲ್ಲೆಯ ಮುಂಗಾರು ನಿಂತಿರುತ್ತದೆ. ಮೂಟೆಯೊಳಗೆ ಏನಿದೆ ಎಂಬುದು ಮಾತ್ರ ಬಿತ್ತಿದ ಮೇಲೆ ತಿಳಿಯುತ್ತದೆ.

"ಶೀತದಿಂದ ಬಂದ ಗೆಡ್ಡೇನ ಸೀದಾ ಹೊಲಕ್ಕೆ ಒಯ್ಯಬೇಡ," ಎಂದರು ಹೆಂಗಸು. "ಎಂಟು ಹತ್ತು ದಿನ ನೆರಳಲ್ಲಿ ಹರವು. ಬೆವರು ಆರಬೇಕು, ಮೊಳಕೆ ಗಿಡ್ಡಕ್ಕೆ ದಪ್ಪಕ್ಕೆ ಬರಬೇಕು. ಕೊಳೆತಿದ್ದನ್ನ ಆಗಲೇ ಆರಿಸಿ ಗುಂಡಿಗೆ ಹಾಕು, ಬದುವಿನ ಮೇಲೆ ಎಸೀಬೇಡ. ಬದುವಿನ ಮೇಲೆ ಎಸೆದದ್ದು ಮೊಳೆತು, ಅಂಗಮಾರಿಯನ್ನ ತಾನೇ ಕರೆಯುತ್ತೆ."

"ಹೋಳು ಮಾಡೋದು?"

"ಸಣ್ಣ ಗೆಡ್ಡೆ ಸಿಕ್ಕಿದ್ರೆ ಇಡಿಯಾಗೇ ಹಾಕು. ದುಡ್ಡು ಉಳಿಸೋಕೆ ಎಲ್ಲರೂ ಕೊಯ್ತೀವಿ, ನಾನೂ ಕೊಯ್ದಿದ್ದೀನಿ. ಒಂದು ಸಲ ಉಂಗುರದ ಗೆಡ್ಡೆ ಕೊಯ್ದ ಕುಡುಗೋಲಲ್ಲೇ ಆರು ಮೂಟೆ ಕೊಯ್ದುಬಿಟ್ಟೆ. ಮೊಳಕಾಲುದ್ದ ಬಂದ ಗಿಡ, ಮಧ್ಯಾಹ್ನ ನೋಡ್ತಿದ್ದ ಹಾಗೆ ಹಸಿರಾಗೇ ಬಾಡಿದ್ವು. ನೀರಿಲ್ಲ ಅಂದ್ಕೊಂಡು ನೀರು ಬಿಟ್ಟೆ. ಇನ್ನೂ ಹಬ್ಬಿತು."

ನಿವೃತ್ತರು ಸೇರಿಸಿದರು: ಅದು ದುಂಡಾಣು ಸೊರಗು. ಅದಕ್ಕೆ ಔಷಧಿಯೆಂದು ಮಾರುವುದೆಲ್ಲ ಸುಳ್ಳು ಭರವಸೆ. ಎರಡು ಮೂರು ಕುಡುಗೋಲು ಇಟ್ಟುಕೊಂಡು, ಒಂದು ಕೈಯಲ್ಲಿರುವಾಗ ಇನ್ನೊಂದು ಸ್ಪಿರಿಟ್ಟಿನಲ್ಲೋ ಕುದಿಯುವ ನೀರಿನಲ್ಲೋ ಇರಬೇಕು. ರೋಗ ಬಂದ ಹೊಲಕ್ಕೆ ಮುಂದಿನ ವರ್ಷ ರಾಗಿ ಅಥವಾ ಜೋಳ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೇಡ, ಮೂರೂ ಆಲೂಗೆಡ್ಡೆಯ ದಾಯಾದಿಗಳು.

"ರಾಗಿ ನಮ್ಮಲ್ಲಿದ್ದೇ ಇದೆ," ಎಂದ ಹುಡುಗ. ಅವನು ಹೇಳಿದ್ದರಲ್ಲಿ ಹಿರಿಯರಿಬ್ಬರೂ ತಲೆಯಾಡಿಸಿದ ಮೊದಲ ಮಾತು ಅದು.

"ಬೇರೆ ದಾರಿಯೂ ಒಂದಿದೆ," ಎಂದರು ನಿವೃತ್ತರು. "ಬೀಜದ ಗೆಡ್ಡೆ ಬದಲು ಸಸಿ ನೆಡೋದು. ಅಂಗಾಂಶ ಕೃಷಿಯ ತಾಯಿಗಿಡದ ತುದಿಕುಡಿ ಚಿವುಟಿ, ಟ್ರೇನಲ್ಲಿ ಬೇರು ಬರಿಸಿ, ಅದನ್ನ ತಂದು ನೆಡ್ತಾರೆ. ಪೆರು ದೇಶದ ಲಿಮಾದಲ್ಲಿರೋ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ, ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯ ಸೇರಿ ಹಾಸನದ ಕಡೆ ಹಬ್ಬಿಸಿದ ಕ್ರಮ. ಸೋಮನಹಳ್ಳಿ ಕಾವಲಿನ ಸಂಶೋಧನಾ ಕೇಂದ್ರದಲ್ಲಿ ಹೋಗಿ ಕೇಳು. ಸಸಿಗೆ ಪಂಜಾಬಿನ ರೋಗ ಬರಲ್ಲ. ಅದರಿಂದ ಬಂದ ಗೆಡ್ಡೆ ನಿನ್ನದೇ ಬೀಜ."

"ಬೆಳೆಸೋದು ಕಷ್ಟ ಅದು," ಎಂದರು ಹೆಂಗಸು. "ಸಸಿ ಅಂದ್ರೆ ಕೂಸು. ಮೊದಲ ಹದಿನೈದು ದಿನ ನೀರು ಒಂದು ಹೊತ್ತು ತಪ್ಪಿದ್ರೂ ಹೋಯ್ತು. ಗೆಡ್ಡೆ ಹಾಗಲ್ಲ, ಹೊಟ್ಟೇಲಿ ಬುತ್ತಿ ಕಟ್ಟಿಕೊಂಡೇ ಬಂದಿರುತ್ತೆ."

ಅಷ್ಟರಲ್ಲಿ ಹುಡುಗ ಕಷಾಯವನ್ನು ಮತ್ತೆ ಎಳೆದು ತಂದ. ಬೀಜ ಸರಿ ಹೋಯಿತು ಎಂದಿಟ್ಟುಕೊಳ್ಳೋಣ, ಅಂಗಮಾರಿ ಬಂದರೆ ಬೇವು ಸಾಲದೇ?

"ಸಾಲಲ್ಲ."

"ಎರಡು ಸಲ ಹೊಡೆದರೆ?"

"ಹತ್ತು ಸಲ ಹೊಡಿ. ನಿನ್ನ ಕೈ ಕಹಿ ಆಗುತ್ತೆ, ಅಷ್ಟೇ."

ಬೇವಿನ ಬಗ್ಗೆ ಆಕೆಗೆ ಅಸಡ್ಡೆಯಿಲ್ಲ. ಗಿಡಹೇನಿಗೆ, ಪತಂಗದ ಮೊಟ್ಟೆ-ಮರಿಗೆ ಬೇವು ಕೆಲಸ ಮಾಡುತ್ತದೆಂದು ಆಕೆಯೇ ಒಪ್ಪಿದರು. ಅಂಗಮಾರಿಯ ಜಾತಿಯೇ ಬೇರೆ. ಎಲೆಯ ಅಂಚಿನಲ್ಲಿ ನೀರು ಇಳಿದಂಥ ಕಲೆ, ಬೆಳಗ್ಗೆ ಎಲೆ ತಿರುಗಿಸಿದರೆ ಬಿಳಿ ಬೂದಿಯಂಥ ಅಂಚು, ನಾಲ್ಕೈದು ದಿನ ಮೋಡ ಮುಸುಕಿ ಜಿಟಿಜಿಟಿ ಹಿಡಿದರೆ ಹೊಲ ಬೆಂಕಿ ಬಿದ್ದ ಹಾಗೆ ಕಪ್ಪು. ವಾಸನೆ ಬದುವಿಗೇ ಬರುತ್ತದೆ. ಇದರ ಜೀವಿಗೆ ಫೈಟಾಫ್ತೊರ ಎಂಬ ಗ್ರೀಕ್ ಹೆಸರಿಟ್ಟವನು ಜರ್ಮನಿಯ ಆಂಟನ್ ಡಿ ಬಾರಿ, 1876ರಲ್ಲಿ. ಗಿಡ ಹಾಳುಮಾಡುವುದು ಎಂದೇ ಅದರ ಅರ್ಥ. ಐರ್ಲೆಂಡಿಗೆ 1845ರಲ್ಲಿ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ. ಅಲ್ಲಿನ ಬಡವರ ಹೊಲಗಳಲ್ಲೆಲ್ಲ ಲಂಪರ್ ಎಂಬ ಒಂದೇ ತಳಿ ತುಂಬಿತ್ತು.

ಹಾಸನದಲ್ಲಿ ಆ ಜಾಗ ಕುಫ್ರಿ ಜ್ಯೋತಿಯದು. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿಯನ್ನು ತಡೆಯುತ್ತದೆಂದೇ ಅದನ್ನು ಕೊಟ್ಟದ್ದು. ಅರ್ಧ ಶತಮಾನದಲ್ಲಿ ರೋಗ ಅದರ ಬೀಗ ತೆರೆಯುವುದನ್ನು ಕಲಿತಿದೆ. ಮಾರುಕಟ್ಟೆಗೆ ಜ್ಯೋತಿಯೇ ಬೇಕು, ರೈತನಿಗೂ ಅದೇ ರೂಢಿ. ಕುಫ್ರಿ ಹಿಮಾಲಿನಿಯಂಥ ಹೆಚ್ಚು ತಾಳಿಕೆಯ ತಳಿಗಳು ಬಂದರೂ ಜ್ಯೋತಿಯ ಪಟ್ಟ ಅಲುಗಾಡಿಲ್ಲ. ಸೋತ ರೈತರು ತಳಿ ಬದಲಿಸುವ ಬದಲು ಬೆಳೆಯನ್ನೇ ಬದಲಿಸಿದರು. ಹಾಸನದ ಸುತ್ತ ಈಗ ಮುಸುಕಿನ ಜೋಳ, ಶುಂಠಿ ನಿಂತ ಎಷ್ಟೋ ಹೊಲಗಳಲ್ಲಿ ಮೊದಲು ಆಲೂಗೆಡ್ಡೆಯ ಸಾಲಿತ್ತು. ಶುಂಠಿಗೆ ಸುರಿಯುವ ರಾಸಾಯನಿಕ ಆಲೂಗೆಡ್ಡೆಯದನ್ನು ಮೀರಿಸುತ್ತದೆ ಎಂಬುದು ಆಕೆಯ ದೂರು. ಅದು ಬೇರೆಯೇ ಪುರಾಣ.

"ಇನ್ನೊಂದು ವಿಷಯ ಯಾರೂ ಹೇಳಲ್ಲ," ಎಂದರು ನಿವೃತ್ತರು. "ಅಂಗಮಾರಿಯನ್ನ ಶಿಲೀಂಧ್ರ ಅಂತೀವಿ. ಅದು ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನ ಬೂಷ್ಟು. ಪಾಚಿಗೆ ಹತ್ತಿರದ ನಂಟು. ಅದಕ್ಕೇ ಕಾರ್ಬೆಂಡಜಿಮ್ ಹೊಡೆದ್ರೆ ಇದಕ್ಕೆ ಏನೂ ಆಗಲ್ಲ. ಎಷ್ಟು ಜನ ದುಡ್ಡು ಕೊಟ್ಟು ತಂದು ಹೊಡೆದ್ರೋ! ಇನ್ನು ಮೆಟಲಾಕ್ಸಿಲ್. ಮೊದಲು ರಾಮಬಾಣ. ಆಮೇಲೆ ಯುರೋಪಿನಲ್ಲಿ ಬ್ಲೂ 13 ಅಂತ ಹೆಸರಾದ ರೋಗದ ವಂಶ ದಕ್ಷಿಣ ಭಾರತಕ್ಕೂ ಬಂದಿದೆ ಅಂತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೋರಿಸಿದ್ರು. ಅದಕ್ಕೆ ಆ ಬಾಣ ನಾಟಲ್ಲ."

ವಿಷ ಬೇಡ ಎನ್ನುವುದಕ್ಕೆ ಹುಡುಗನ ಬಳಿ ಇದ್ದ ಕಾರಣಗಳಿಗಿಂತ ಇದು ಗಟ್ಟಿಯಾದ ಕಾರಣ. ತಿನ್ನುವವನಿಗೆ ಕೆಡುಕಾಗುವುದು ಒಂದು ಕಡೆ, ಸಾಯಬೇಕಾದ್ದು ಸಾಯದೇ ಇರುವುದು ಇನ್ನೊಂದು ಕಡೆ.

ಎಳನೀರಿನವನು ಇಷ್ಟು ಹೊತ್ತು ಸುಮ್ಮನೆ ಕೊಚ್ಚುತ್ತಿದ್ದವನು ಈಗ ಬಾಯಿ ಹಾಕಿದ. "ಸ್ವಾಮಿ, ನಮ್ಮ ತೆಂಗಿನ ಸುಳಿ ಕೊಳೆಯೋದೂ ಇದೇನಾ?"

"ಅದೇ ಮನೆತನ. ಮಲೆನಾಡಿನ ಅಡಿಕೆ ಕೊಳೆರೋಗವೂ ಅದೇ ಮನೆತನ." ನಿವೃತ್ತರಿಗೆ ಈಗ ಹುರುಪು ಬಂತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆಯ ಬೆನ್ನು ಹತ್ತಿದ್ದು, ಮಳೆಗೆ ತೊಳೆದುಹೋಗದಂತೆ ರಾಳ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಸಿದ್ದು, 1910ರಲ್ಲಿ ಅದರ ವರದಿ ಪ್ರಕಟಿಸಿದ್ದು, ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಆ ದ್ರಾವಣವೇ ಫ್ರಾನ್ಸಿನ ದ್ರಾಕ್ಷಿತೋಟದಿಂದ ಬಂದದ್ದು. ದಾರಿಹೋಕರು ಹಣ್ಣು ಕದಿಯದಿರಲೆಂದು ಬದುವಿನ ಬಳ್ಳಿಗಳಿಗೆ ಮೈಲುತುತ್ತ-ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗಷ್ಟೇ ರೋಗ ಬರಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದ.

"ಹಾಗಾದ್ರೆ ಬೋರ್ಡೋನೇ ಹೊಡೀತೀನಿ. ಅದು ಸಾವಯವದಲ್ಲೂ ನಡೆಯುತ್ತಂತಲ್ಲ?" ಹುಡುಗನ ಮುಖ ಅರಳಿತು.

"ನಡೆಯುತ್ತೆ. ಲೆಕ್ಕ ಹಾಕು ಮತ್ತೆ." ನಿವೃತ್ತರು ನೆಲದ ಮೇಲೆ ಬೆರಳಿನಿಂದ ಬರೆದರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಕರೆಗೆ ಇನ್ನೂರು ಲೀಟರು, ಅಂದರೆ ಎರಡು ಕಿಲೋ ತುತ್ತ. ಅದರಲ್ಲಿ ಕಾಲು ಭಾಗ ತಾಮ್ರ, ಅರ್ಧ ಕಿಲೋ. ಮಳೆಗಾಲದಲ್ಲಿ ಆರು ಸಲ ಹೊಡೆದರೆ ಎಕರೆಗೆ ಮೂರು ಕಿಲೋ, ಹೆಕ್ಟೇರಿಗೆ ಏಳೂವರೆ. ಯುರೋಪ್ ಒಕ್ಕೂಟ ತನ್ನ ರೈತರಿಗೆ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಅಂದರೆ ವರ್ಷಕ್ಕೆ ನಾಲ್ಕು. "ತಾಮ್ರ ಕೊಳೆಯಲ್ಲ, ಆವಿಯಾಗಲ್ಲ. ನೀನು ಹಾಕಿದ್ದು ನಿನ್ನ ಮೊಮ್ಮಗನ ಕಾಲಕ್ಕೂ ಅಲ್ಲೇ ಇರುತ್ತೆ. ಎರೆಹುಳಕ್ಕೆ ಅದು ಆಗಿಬರಲ್ಲ."

ಹುಡುಗ ನೆಲದ ಅಂಕಿಗಳನ್ನೇ ನೋಡುತ್ತಿದ್ದ. ಸಹಜ, ರಾಸಾಯನಿಕ ಎಂದು ಅವನು ಎಳೆದುಕೊಂಡಿದ್ದ ಗೆರೆ ಅಲ್ಲೇ ಎಲ್ಲೋ ಅಳಿಸಿಹೋಗಿತ್ತು.

ಹೆಂಗಸಿಗೆ ಈ ಲೆಕ್ಕ ಹಿಡಿಸಲಿಲ್ಲ. "ಇವ್ರು ಹೇಳೋದು ಕೇಳಿದ್ರೆ ಏನೂ ಹೊಡೆಯೋ ಹಾಗಿಲ್ಲ. ಬೆಳೆ ಹೋದ್ರೆ ಸಾಲ ಇವ್ರು ಕಟ್ತಾರಾ? ಕೇಳು. ಎರಡು ದಿನ ಬಿಡದೆ ಮೋಡ ಇದ್ದು, ಬೆಳಗ್ಗೆ ಹತ್ತಾದ್ರೂ ಎಲೆ ಮೇಲಿನ ನೀರು ಆರದಿದ್ರೆ, ಕಲೆ ಕಾಣೋಕೆ ಮುಂಚೆ ಹೊಡಿ. ಎಲೆಯ ಅಡಿಗೆ ಬೀಳೋ ಹಾಗೆ ಹೊಡಿ. ಕಲೆ ಕಂಡ ಮೇಲೆ ಓಡಾಡಿದ್ರೆ ಆರಲ್ಲ, ಎಂಟು ಸಲ ಹೊಡೆದ್ರೂ ಬೆಳೆ ಉಳಿಯಲ್ಲ. ಮುಂಚೆ ಹೊಡೆದವನು ಮೂರಕ್ಕೆ ಮುಗಿಸ್ತಾನೆ."

ಆಕೆ ಕಣ್ಣಳತೆಯಲ್ಲಿ ಹೇಳಿದ್ದನ್ನೇ ವಿಜ್ಞಾನ ಅಂಕಿಯಲ್ಲಿ ಹೇಳುತ್ತದೆ: ಸತತ ಎರಡು ದಿನ ತೇವಾಂಶ ಶೇಕಡಾ 90ರ ಮೇಲೆ, ಉಷ್ಣಾಂಶ 10ರಿಂದ 20 ಡಿಗ್ರಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ಇಂಡೋ-ಬ್ಲೈಟ್‌ಕಾಸ್ಟ್ ಎಂಬ ಮುನ್ಸೂಚನಾ ಮಾದರಿ ನಿಂತಿರುವುದೂ ಹವಾಮಾನದ ಇಂಥ ಲೆಕ್ಕದ ಮೇಲೆ. ಮುನ್ಸೂಚನೆ ನಂಬಿ ಹೊಡೆಯುವವನು ವಾರಕ್ಕೊಮ್ಮೆ ಪಂಚಾಂಗ ನೋಡಿ ಹೊಡೆಯುವವನಿಗಿಂತ ಕಡಿಮೆ ಹೊಡೆಯುತ್ತಾನೆ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರು ಹಿರಿಯರೂ ಒಂದಾದರು.

"ಎಕರೆಗಟ್ಟಲೆ ಹೊಡೆಯೋಕೆ ಮುಂಚೆ ದ್ರಾವಣಕ್ಕೆ ಕುಡುಗೋಲು ಅದ್ದಿ ನೋಡು," ಎಂದ ಎಳನೀರಿನವನು, ತನಗೂ ಒಂದು ವಿದ್ಯೆ ಗೊತ್ತಿದೆ ಎಂಬಂತೆ. "ಅಲಗು ಕೆಂಪಗಾದ್ರೆ ಸುಣ್ಣ ಸಾಲಲ್ಲ. ಹಂಗೇ ಹೊಡೆದ್ರೆ ಎಲೆ ಸುಡುತ್ತೆ."

ಎಳೆ ಗಿಡವನ್ನು ರಾತ್ರಿ ಬುಡದಲ್ಲಿ ಕಡಿದು ಹಗಲು ಮಣ್ಣಲ್ಲಿ ಅಡಗುವ ಕತ್ತರಿ ಹುಳುವಿನ ವಿಷಯ ಬಂದಾಗ ಹೆಂಗಸಿನ ದನಿ ಇಳಿಯಿತು. ಆಕೆಯ ಕಾಲದಲ್ಲಿ ಅದಕ್ಕೆ ಉತ್ತರವೆಂದರೆ ಫೋರೇಟ್ ಹರಳು. ಬಿತ್ತುವ ಸಾಲಿಗೆ ಗೊಬ್ಬರದ ಜೊತೆ ಬರಿಗೈಯಲ್ಲಿ ಎರಚುತ್ತಿದ್ದರಂತೆ. "ನೇಗಿಲ ಹಿಂದೆ ಹುಳ ಆರಿಸೋಕೆ ಬೆಳ್ಳಕ್ಕಿ ಬರ್ತಿದ್ವು. ಸಂಜೆ ಬದುವಿನ ಮೇಲೆ ಎರಡು ಮೂರು ಬಿದ್ದಿರ್ತಿದ್ವು. ಯಾಕೆ ಅಂತ ಆಗ ಯೋಚನೇನೇ ಮಾಡಲಿಲ್ಲ." ವಿಶ್ವ ಆರೋಗ್ಯ ಸಂಸ್ಥೆ ಅತಿ ಘೋರ ವಿಷಗಳ ಮೊದಲ ಸಾಲಿನಲ್ಲಿಟ್ಟ ಫೋರೇಟ್‌ನ ಬಳಕೆಗೆ ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ಕ್ಕೆ ತೆರೆ ಬಿತ್ತು. ಅಲಾಕ್ಲೋರ್ ಎಂಬ ಕಳೆನಾಶಕವೂ ಅದೇ ದಿನ ಹೋಯಿತು. ಅಂಗಮಾರಿಗೆ ಎಲ್ಲರೂ ಬಳಸುವ ಮ್ಯಾಂಕೊಜೆಬ್ ಕೂಡ 2020ರ ಮೇ ತಿಂಗಳಲ್ಲಿ ಸರ್ಕಾರ ನಿಷೇಧಿಸಲು ಹೊರಟ 27 ಪೀಡೆನಾಶಕಗಳ ಕರಡು ಪಟ್ಟಿಯಲ್ಲಿತ್ತು.

ಕತ್ತರಿ ಹುಳುವಿಗೆ ಈಗ ಆಕೆಯ ಮದ್ದು ಬೇಸಗೆಯ ಆಳದ ಉಳುಮೆ. ಕೋಶಗಳು ಮೇಲೆ ಬಿದ್ದರೆ ಬಿಸಿಲು, ಕಾಗೆ, ಮೈನಾ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಬೆಳಗ್ಗೆ ಕಡಿದ ಗಿಡ ಕಂಡರೆ ಬುಡ ಕೆದಕಿದರೆ ಸಾಕು, ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಅರ್ಧ ಎಕರೆಗೆ ಇದು ಆಗುವ ಕೆಲಸ. ಹತ್ತು ಎಕರೆಗೆ ಆಗದು ಎಂದೂ ಆಕೆಯೇ ಹೇಳಿದರು.

ಗೆಡ್ಡೆಯ ಪತಂಗ ಮಾತ್ರ ನಿವೃತ್ತರ ಪ್ರೀತಿಯ ವಿಷಯ. 1906ರಲ್ಲಿ ಇಟಲಿಯಿಂದ ತಂದ ಬೀಜದ ಜೊತೆ ಮುಂಬಯಿ ಪ್ರಾಂತ್ಯಕ್ಕೆ ಇಳಿದ ಈ ಪುಟ್ಟ ಬೂದು ಪತಂಗ, ಮಣ್ಣಿನಿಂದ ಇಣುಕುವ ಗೆಡ್ಡೆಯ ಕಣ್ಣಿನ ಹತ್ತಿರ ಮೊಟ್ಟೆಯಿಡುತ್ತದೆ. ಮರಿ ಒಳಗೆ ಸುರಂಗ ಕೊರೆಯುತ್ತದೆ, ಬಾಗಿಲಲ್ಲಿ ಕಪ್ಪು ಹಿಕ್ಕೆ ಬಿಟ್ಟು. ಹೊಲದಲ್ಲಿ ಶುರುವಾದದ್ದು ಉಗ್ರಾಣದಲ್ಲಿ ನೂರ್ಮಡಿಯಾಗುತ್ತದೆ. ಇದರ ಬೆನ್ನು ಹತ್ತುವ ಕೊಪಿಡೊಸೋಮ ಎಂಬ ಕಣಜ ಹುಡಿಯಷ್ಟು ಚಿಕ್ಕದು. ಪತಂಗದ ಮೊಟ್ಟೆಯೊಳಗೆ ತನ್ನ ಒಂದು ಮೊಟ್ಟೆ ತೂರಿಸುತ್ತದೆ. ಆ ಒಂದು ಒಡೆದು ಒಡೆದು ಹತ್ತಾರು ಆಗುತ್ತದೆ. ಪತಂಗದ ಮರಿ ಬೆಳೆದು ದಪ್ಪಗಾದ ಮೇಲೆ ಅದರ ಚರ್ಮದ ಚೀಲದಿಂದ ಹೊರಬರುವುದು ಕಣಜಗಳ ಹಿಂಡು.

"ಹೊರಗಿಂದ ಬಂದ ಪೀಡೆಗೆ ಹೊರಗಿಂದಲೇ ಶತ್ರು ತರೋದು. ನಮ್ಮ ಕಡೆ ಅದು ಹೊಸದಲ್ಲ," ಎಂದರು. "ಪಾರ್ಥೇನಿಯಂ ತಿನ್ನೋ ಮೆಕ್ಸಿಕೋ ದುಂಬೀನ 1984ರಲ್ಲಿ ಮೊದಲು ಬಿಟ್ಟಿದ್ದೇ ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ನಿನ್ನ ಬದುವಿನ ಕಾಂಗ್ರೆಸ್ ಗಿಡ ಜರಡಿಯಾಗಿದ್ರೆ ಅದರ ಕೆಲಸವೇ."

"ಕಣಜ ಎಲ್ಲಿಂದ ತರ್ತಾನೆ ಅವನು? ಮಣ್ಣು ಏರಿಸು ಅಂತ ಹೇಳಿ ಮೊದಲು," ಹೆಂಗಸು ನಡುವೆ ತಡೆದರು.

ಮಣ್ಣೇರಿಸುವುದು ಆಲೂಗೆಡ್ಡೆಯ ಅರ್ಧ ವೈದ್ಯ. ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಸಾಲಿನ ನಡುವಿನ ಮಣ್ಣನ್ನು ಗಿಡದ ಬುಡಕ್ಕೆ ಎತ್ತರವಾಗಿ ಕೊಟ್ಟರೆ ಪತಂಗಕ್ಕೆ ಗೆಡ್ಡೆ ಕಾಣುವುದಿಲ್ಲ, ಎಲೆಯಿಂದ ಮಳೆಯೊಡನೆ ಇಳಿಯುವ ಅಂಗಮಾರಿಯ ಬೀಜಕ ಗೆಡ್ಡೆ ಮುಟ್ಟುವುದಿಲ್ಲ, ಬಿಸಿಲು ತಾಗಿ ಗೆಡ್ಡೆ ಹಸಿರಾಗುವುದಿಲ್ಲ. ಕಳೆಯೂ ಅದರಲ್ಲೇ ಮುಗಿಯುತ್ತದೆ, ಕೊನ್ನಾರಿ ಒಂದನ್ನು ಬಿಟ್ಟು. ಕೊನ್ನಾರಿಯ ಬೇರಿನ ಮೊನೆ ಆಲೂಗೆಡ್ಡೆಯನ್ನೇ ತೂರಿಕೊಂಡು ಹೋಗುತ್ತದೆ. ಅದಿರುವ ಹೊಲವನ್ನು ಬೇಸಗೆಯಲ್ಲಿ ಎರಡು ಮೂರು ಸಲ ಉತ್ತು ಗೆಡ್ಡೆಗಳನ್ನು ಬಿಸಿಲಿಗೆ ಎಳೆಯದೆ ಬೇರೆ ಉಪಾಯವಿಲ್ಲ.

ಕೀಳುವ ಹತ್ತು ಹದಿನೈದು ದಿನ ಮೊದಲು ಗಿಡದ ಮೇಲ್ಭಾಗ ಕೊಯ್ದು ಹೊಲದಿಂದ ಆಚೆ ಸಾಗಿಸಬೇಕು, ಆಗ ಸಿಪ್ಪೆ ಬಲಿಯುತ್ತದೆ. ಕಿತ್ತ ಗೆಡ್ಡೆ ರಾತ್ರಿ ಹೊಲದಲ್ಲಿ ಮಲಗಬಾರದು. ಅದೇ ಗಿಡದ ಸೊಪ್ಪನ್ನು ರಾಶಿಗೆ ಹೊದಿಸುವುದಂತೂ ಪತಂಗಕ್ಕೆ ಹಾಸಿಗೆ ಹಾಸಿದ ಹಾಗೆ. ಮನೆಯಲ್ಲಿ ಇಡುವುದಾದರೆ ಒಣಗಿಸಿದ ಲಂಟಾನ ಅಥವಾ ನೀಲಗಿರಿ ಎಲೆಯ ಹೊದಿಕೆ. "ಲಂಟಾನಕ್ಕೆ ನಿಮ್ಮ ಬೇಲೀಲಿ ಬರ ಇಲ್ವಲ್ಲ?" ಎಂದಾಗ ಹುಡುಗ ನಕ್ಕ.

"ಅಮ್ಮಾ, ನಾನು ಜೂನಿಗೆ ಹಾಕ್ಲಾ?"

"ಜೂನಿಗೆ ನಾವು ಹಾಕೋದು, ನಮಗೆ ಬೇರೆ ನೀರಿಲ್ಲ. ನಿನಗೆ ಬೋರ್‌ವೆಲ್ ಇದೆ ಅಂತೀಯ. ಮಳೆ ಮುಗಿದು ಅಕ್ಟೋಬರ್ ಕೊನೆ, ನವೆಂಬರಿಗೆ ಹಾಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಕ್ತಾರಲ್ಲ, ಹಾಗೆ. ಅಂಗಮಾರಿ ಅರ್ಧ ಅಲ್ಲೇ ತಪ್ಪುತ್ತೆ. ಪತಂಗ, ಹೇನು ಜಾಸ್ತಿ ಆಗುತ್ತೆ, ಅದಕ್ಕೆ ನಿನ್ನ ಬೇವು ಇದೆ. ಮಣ್ಣು ಬಿರುಕು ಬಿಡದ ಹಾಗೆ ನೀರು ಕೊಡು."

"ಅಕ್ಕಪಕ್ಕದ ಬೆಳೆ?" ಎಂದು ಕೇಳಿದವರು ನಿವೃತ್ತರು.

"ಒಂದು ಕಡೆ ನಮ್ಮದೇ ತೆಂಗು. ಇನ್ನೊಂದು ಕಡೆಯವನು ಟೊಮ್ಯಾಟೊ ಹಾಕ್ತಾನೆ, ಸಾಮಾನ್ಯ ದಸರಾ ಆದ ಮೇಲೆ."

ಇಬ್ಬರೂ ಸುಮ್ಮನಾದರು. ಆಲೂಗೆಡ್ಡೆಯ ಅಂಗಮಾರಿ, ಟೊಮ್ಯಾಟೊದ ಅಂಗಮಾರಿ ಎರಡೂ ಒಂದೇ ಜೀವಿ. ಬೇಲಿ ದಾಟಲು ಅದಕ್ಕೆ ಒಂದು ತೇವದ ಗಾಳಿ ಸಾಕು.

ಹಾಸನದ ಬಸ್ಸು ಬಂದು ನಿಂತಿತು. ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ ಎಂದು ಕಂಡಕ್ಟರು ಕೂಗುತ್ತಿದ್ದ. ಹೆಂಗಸು ಸೆರಗು ಸರಿಪಡಿಸಿಕೊಂಡು, ಚೀಲ ಎತ್ತಿಕೊಂಡು ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿದರು.

"ಅರ್ಧ ಎಕರೆ ಬೇಡ. ಹತ್ತು ಗುಂಟೆ ಹಾಕು ಈ ಸಲ. ಆ ಟೊಮ್ಯಾಟೊದವನು ಸಸಿಗೆ ಮುಂಗಡ ಕೊಟ್ಟಿದ್ದಾನಾ ಕೇಳು, ಇವತ್ತೇ ಕೇಳು!"

ಬಸ್ಸು ಹೊರಟಿತು. ನಿವೃತ್ತರು ನೆಲದ ಮೇಲಿನ ತಾಮ್ರದ ಲೆಕ್ಕವನ್ನು ಚಪ್ಪಲಿಯಿಂದ ಸವರಿ ಎದ್ದರು. ಹುಡುಗ ಗಾಡಿಯ ಆಚೆ ಬದಿಗೆ ಸರಿದು ಪಕ್ಕದ ಹೊಲದವನಿಗೆ ಫೋನು ಹಚ್ಚಿದ್ದ. ಆ ಕಡೆಯಿಂದ ಏನು ಕೇಳಿದರೋ, ಇವನು "ಜಗಳಕ್ಕಲ್ಲ ಮಾರಾಯ, ನಾಟಿ ಯಾವಾಗ ಅಂತ ಕೇಳೋಕೆ" ಎನ್ನುತ್ತಿದ್ದ.